ಪ್ಯಾನ್‌ಕೇಕ್ ಮುಗಿಯುವುದರೊಳಗೆ

ಚಳಿ ಅಷ್ಟೊಂದು ಇರದಿದ್ದರೆ ವರ್ಲಿನ್ ಸ್ಪ್ರೋಲ್ಸ್ 2015ರ ಚಳಿಗಾಲದ ಆ ಬೆಳಿಗ್ಗೆ ವರ್ಜೀನಿಯಾದಲ್ಲಿ ಕೂರುತ್ತಲೇ ಇರಲಿಲ್ಲ.

ಓಪಲ್‌ಳ ಹೋಟೆಲು ನಿಂತಿರುವುದೇ ಅಮೆರಿಕದ ಎರಡು ರಾಜ್ಯಗಳ ಮೇಲೆ. ಬಾಗಿಲು, ಗಲ್ಲಾ, ಎತ್ತರದ ಸ್ಟೂಲುಗಳು ಟೆನೆಸ್ಸಿಯಲ್ಲಿ. ಅಡುಗೆಮನೆ, ಕಬ್ಬಿಣದ ಒಲೆ, ಅದರ ಸುತ್ತಲಿನ ಮೇಜುಗಳು ವರ್ಜೀನಿಯಾದಲ್ಲಿ. ನಡುವೆ ನೆಲದಲ್ಲೊಂದು ಹಿತ್ತಾಳೆ ಪಟ್ಟಿ. ಓಪಲ್ ಟೆನೆಸ್ಸಿಯ ಕಾಫಿಯನ್ನು ವರ್ಜೀನಿಯಾಕ್ಕೂ, ವರ್ಜೀನಿಯಾದ ಮೊಟ್ಟೆಯನ್ನು ಟೆನೆಸ್ಸಿಗೂ ದಿನವಿಡೀ ಹೊತ್ತು ತಿರುಗುತ್ತಿದ್ದಳು. ಯಾವ ಸರ್ಕಾರವೂ ಚಕಾರ ಎತ್ತಿರಲಿಲ್ಲ.

ವರ್ಲಿನ್‌ನ ಮನೆ ಮತ್ತು ಅವನ ವ್ಯಾಕ್ಯೂಮ್ ಕ್ಲೀನರ್ ರಿಪೇರಿ ಅಂಗಡಿ ಎರಡೂ ಟೆನೆಸ್ಸಿ ಕಡೆಗೇ ಇದ್ದವು. ಎಂದಿನಂತೆ ಸ್ಟೂಲಿನ ಮೇಲೆ ಕೂರದೆ ಅವನು ಒಲೆಗೆ ಬೆನ್ನು ಕೊಟ್ಟು ಬೆಂಚಿನ ಮೇಲೆ ಕೂತು, ಬನ್ನಿನಂಥ ಮೆತ್ತನೆಯ ಬಿಸ್ಕಿಟ್ ಮೇಲೆ ಬಿಸಿ ಗ್ರೇವಿ ಸುರಿದುಕೊಂಡ. ಕತ್ತಿನವರೆಗೆ ಜಿಪ್ಪೆಳೆದ ದಪ್ಪ ಕೋಟು. ಕೋಟಿನೊಳಗೆ, ಸೊಂಟದ ಪಟ್ಟಿಯಲ್ಲಿ, ಪುಟ್ಟ ಪಿಸ್ತೂಲು. ಅದನ್ನು ಹೀಗೆ ಬಚ್ಚಿಟ್ಟುಕೊಂಡು ಓಡಾಡಲು ಟೆನೆಸ್ಸಿ ಸರ್ಕಾರ ಕೊಟ್ಟ ಪರವಾನಗಿ ಅವನ ಬಳಿ ಇತ್ತು. ಅವನು ಅದರಿಂದ ಗುಂಡು ಹಾರಿಸಿದ್ದು ತರಬೇತಿಯ ದಿನ ಮಾತ್ರ. ಅವತ್ತೂ ತಗುಲಿದ್ದು ಪಕ್ಕದವನ ಗುರಿಹಲಗೆಗೆ.

ಗೋಡೆಯ ಟೀವಿಯಲ್ಲಿ ಸುದ್ದಿ ಬಂತು. ಟೆನೆಸ್ಸಿಯೂ ಸೇರಿದಂತೆ ಹಲವು ರಾಜ್ಯಗಳ ಪಿಸ್ತೂಲು ಪರವಾನಗಿಗಳನ್ನು ವರ್ಜೀನಿಯಾ ಇನ್ನು ಮಾನ್ಯ ಮಾಡುವುದಿಲ್ಲವಂತೆ. ಆ ರಾಜ್ಯಗಳ ನಿಯಮ ತೀರಾ ಸಡಿಲವಂತೆ. ಟೀವಿಯವಳು ಮುಂದೆ ಇನ್ನೂ ಏನೋ ಹೇಳುತ್ತಿದ್ದಳು, ಆದರೆ ಟೈರ್ ಅಂಗಡಿಯ ಬರ್ಲ್‌ನ ಗಂಟಲು ಅದನ್ನು ನುಂಗಿಹಾಕಿತು.

"ಅನ್ಯಾಯ! ಗೆರೆ ದಾಟಿದ ತಕ್ಷಣ ಮನುಷ್ಯ ಕಳ್ಳ ಆಗ್ಬಿಡ್ತಾನಾ?" ಎಂದು ಬರ್ಲ್ ಸ್ಟೂಲಿನ ಮೇಲಿಂದಲೇ ಕೂಗಿದ. ನಂತರ ಅವನ ಕಣ್ಣು ನಿಧಾನವಾಗಿ ಒಲೆಯ ಕಡೆ ಹೊರಳಿತು. "ಲೋ ವರ್ಲಿನ್... ನೀನು ಈಗ ಎಲ್ಲಿ ಕೂತಿದೀಯೋ?"

ವರ್ಲಿನ್ ಬಗ್ಗಿ ಹಿತ್ತಾಳೆ ಪಟ್ಟಿ ನೋಡಿದ. ಅದು ಅವನ ಬೂಟಿನಿಂದ ಎರಡು ಹೆಜ್ಜೆ ಆಚೆಗಿತ್ತು. ಬಾಯಲ್ಲಿದ್ದ ಬಿಸ್ಕಿಟ್ ಒದ್ದೆ ಹತ್ತಿಯಂತಾಯಿತು.

"ಇವತ್ತೂ ಇಟ್ಕೊಂಡಿದೀಯಾ?" ಬರ್ಲ್ ಪಿಸುಗುಟ್ಟಿದ. ಬರ್ಲ್‌ನ ಪಿಸುಮಾತು ಬೀದಿಯ ತುದಿಗೂ ಕೇಳಿಸುವಂಥದು.

ಪಕ್ಕದ ಮೇಜಿನಲ್ಲೇ ವರ್ಜೀನಿಯಾ ಕಡೆಯ ಷೆರೀಫ್ ಕಚೇರಿಯ ಪೊಲೀಸ್ ಮಲ್ಲಿನ್ಸ್ ಸಮವಸ್ತ್ರದಲ್ಲಿ ಕೂತು ಪ್ಯಾನ್‌ಕೇಕ್ ತಿನ್ನುತ್ತಿದ್ದ. ಅವನು ತಲೆ ಎತ್ತಲಿಲ್ಲ. ತಟ್ಟೆಯನ್ನೇ ನೋಡುತ್ತ ಹೇಳಿದ: "ನೋಡಿ, ತಿಂಡಿ ತಿನ್ನೋವಾಗ ನನಗೆ ಕಿವಿ ಕೇಳಿಸಲ್ಲ. ಕಣ್ಣೂ ಅಷ್ಟಕ್ಕಷ್ಟೆ. ಪ್ಯಾನ್‌ಕೇಕ್ ಮುಗಿದ ಮೇಲೆ ಎರಡೂ ಸರಿಹೋಗುತ್ತೆ."

ಇಷ್ಟು ಸಾಕಾಗಿತ್ತು. ವರ್ಲಿನ್ ದಡಕ್ಕನೆ ಎದ್ದು ಟೆನೆಸ್ಸಿಯತ್ತ ನೆಗೆದ. ನೆಗೆದವನು ಹಗ್ಗ ಬಿಗಿದ ಕರುವಿನ ಹಾಗೆ ಹಿಂದಕ್ಕೆ ಬಂದು ಬೆಂಚಿನ ಮೇಲೆ ಕುಕ್ಕರಿಸಿದ. ಕೋಟಿನ ಹಿಂಬದಿಯ ಅಂಚು ಒಲೆಯ ಸುತ್ತಲಿನ ಕಬ್ಬಿಣದ ಜಾಲರಿಗೆ ಸಿಕ್ಕಿಕೊಂಡಿತ್ತು. ಕೋಟನ್ನೇ ಕಳಚೋಣವೆಂದು ಜಿಪ್ಪು ಎಳೆದರೆ ಅದು ಎದೆಯ ಹತ್ತಿರ ಬಟ್ಟೆ ಕಚ್ಚಿಕೊಂಡು ಕೂತುಬಿಟ್ಟಿತು. ಈಗ ಅವನು ವರ್ಜೀನಿಯಾಕ್ಕೆ ಕಟ್ಟಿಹಾಕಿದ ಪ್ರಾಣಿ.

"ಓಪಲ್, ಇವನಿಗೆ ಇನ್ನೊಂದು ಪ್ಯಾನ್‌ಕೇಕ್ ಹಾಕು!" ಎಂದು ಬರ್ಲ್ ಕೂಗಿದ.

"ನನಗೆ ಬೇಡ ಕಣೋ!" ಎಂದ ವರ್ಲಿನ್.

"ನಿನಗಲ್ಲ ದಡ್ಡ, ಮಲ್ಲಿನ್ಸ್‌ಗೆ!"

ಓಪಲ್ ಓಡಿಬಂದು ಮಲ್ಲಿನ್ಸ್‌ನ ತಟ್ಟೆಗೆ ಇನ್ನೆರಡು ಜಾರಿಸಿದಳು. ಮಲ್ಲಿನ್ಸ್ ನಿಟ್ಟುಸಿರು ಬಿಟ್ಟು ಬೆಲ್ಟು ಸಡಿಲಿಸಿಕೊಂಡ.

ಇಷ್ಟರಲ್ಲಿ ವರ್ಜೀನಿಯಾ ಕಡೆಯ ನಿವೃತ್ತ ಟೀಚರ್ ಇಮೋಜೀನ್ ಚಹಾದ ಲೋಟ ಹಿಡಿದು ವರ್ಲಿನ್ ಎದುರು ಬಂದು ಕೂತರು. ಅವರು ಪಿಸ್ತೂಲು ಎಂದರೆ ಮೂಗು ಮುರಿಯುವವರು. ಆದರೆ ಈಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಕುತೂಹಲ.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಪ್ಪ. ಬಿಸ್ಕಿಟ್ ತಿನ್ನೋವಾಗ ನಿನ್ನ ಮೇಲೆ ಯಾರು ಬಂದು ಬೀಳ್ತಾರೆ ಅಂತ ಅದನ್ನ ಕಟ್ಕೊಂಡು ಬರ್ತೀಯ?"

ವರ್ಲಿನ್ ಯೋಚಿಸಿದ. ಯಾರೂ ಹೊಳೆಯಲಿಲ್ಲ. "ಅಭ್ಯಾಸ ಟೀಚರ್. ಇಲ್ಲದಿದ್ರೆ ಪ್ಯಾಂಟು ಒಂದು ಕಡೆ ಹಗುರ ಅನ್ಸುತ್ತೆ."

"ಅವನು ಯಾಕೆ ಕಾರಣ ಕೊಡ್ಬೇಕು?" ಬರ್ಲ್ ನಡುವೆ ಬಾಯಿ ಹಾಕಿದ. "ಕಾರು ಓಡಿಸೋ ಲೈಸೆನ್ಸು ಗೆರೆ ಆಚೆಗೂ ನಡೆಯುತ್ತೆ. ಮದುವೆ ಆಗಿದ್ದೂ ನಡೆಯುತ್ತೆ. ಇದೊಂದು ಯಾಕೆ ನಡೆಯಲ್ಲ?"

"ಕಾರು ಕಲಿಸೋದು ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ ಥರ. ಇದಕ್ಕೆ ಒಂದು ರಾಜ್ಯದಲ್ಲಿ ಗುರಿಗೆ ಹೊಡೆದು ತೋರಿಸ್ಬೇಕು, ಇನ್ನೊಂದರಲ್ಲಿ ಪಾಠ ಕೇಳಿದ್ರೆ ಸಾಕು. ನಮ್ಮೂರಿಗೆ ಬರೋನು ಯಾವ ಥರದವನು ಅಂತ ನಾವು ಕೇಳೋದು ತಪ್ಪಾ?" ಎಂದರು ಇಮೋಜೀನ್.

"ವರ್ಲಿನ್ ಯಾವ ಥರದವನು ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು. ಪಕ್ಕದವನ ಹಲಗೆಗೆ ಹೊಡೆದವನು."

ಬರ್ಲ್ ವಿಷಯ ಬದಲಿಸಿದ. "ವರ್ಜೀನಿಯಾದಲ್ಲಿ ಬಚ್ಚಿಟ್ಕೊಂಡ್ರೆ ತಾನೇ ತಪ್ಪು? ಎಲ್ಲರಿಗೂ ಕಾಣೋ ಹಾಗೆ ಸೊಂಟಕ್ಕೆ ಕಟ್ಕೊಂಡ್ರೆ ಪರವಾನಗಿನೇ ಬೇಡ. ಕೋಟು ಬಿಚ್ಚಿದ್ರೆ ಮುಗೀತು!"

"ಅದೊಂದು ನನಗೆ ಇವತ್ತಿಗೂ ಅರ್ಥ ಆಗಿಲ್ಲ," ಎಂದು ಇಮೋಜೀನ್ ಗದ್ದ ಕೆರೆದುಕೊಂಡರು. "ಆದ್ರೂ ಜಿಪ್ಪಿಗೆ ಬೆಣ್ಣೆ ಹಚ್ಚಿ ನೋಡೋಣ."

ಬೆಣ್ಣೆ ಬಂತು. ಇಮೋಜೀನ್ ಹಚ್ಚಿದರು, ಬರ್ಲ್ ಎಳೆದ. ಜಿಪ್ಪು ಅಲ್ಲಾಡಲಿಲ್ಲ, ಬರ್ಲ್‌ನ ಕೈ ಜಾರಿ ಗ್ರೇವಿಯ ಬಟ್ಟಲು ವರ್ಲಿನ್‌ನ ಮಡಿಲಿಗೆ ಮಗುಚಿತು. ವರ್ಲಿನ್ ಕೂಗಿಕೊಂಡ. ಅತ್ತ ಮಲ್ಲಿನ್ಸ್‌ನ ತಟ್ಟೆಯಲ್ಲಿ ಕೊನೆಯ ಪ್ಯಾನ್‌ಕೇಕ್ ಅರ್ಧವಾಗಿತ್ತು.

ಆಗ ಬಾಗಿಲು ತೆರೆದು ರಾಯ್ಸ್ ಕಿಲ್ಗೋರ್ ನುಗ್ಗಿದ. ವರ್ಜೀನಿಯಾದ ವಿಧಾನಸಭೆಗೆ ನಿಲ್ಲಲು ಹೊರಟಿದ್ದ ಆಸಾಮಿ. ಅವನಿಗೆ ಫೋನು ಮಾಡಿದ್ದು ಯಾರೆಂದು ಯಾರೂ ಕೇಳಲಿಲ್ಲ. ಬರ್ಲ್ ಚಾವಣಿ ನೋಡುತ್ತಿದ್ದ.

"ಅಲ್ಲಾಡಬೇಡಿ ಸ್ಪ್ರೋಲ್ಸ್ ಸಾಹೇಬ್ರೇ!" ಕಿಲ್ಗೋರ್ ಮೊಬೈಲ್ ಎತ್ತಿ ಹಿಡಿದ. "ಇಲ್ಲೇ ಅರೆಸ್ಟ್ ಆಗಿ. ನಾವು ಸುಪ್ರೀಂ ಕೋರ್ಟ್‌ವರೆಗೂ ಹೋಗೋಣ. ನಿಮ್ಮ ಹೆಸರಲ್ಲೇ ಕೇಸು ನಡೆಯುತ್ತೆ!"

"ನನಗೆ ಅಂಗಡಿ ತೆಗೀಬೇಕು," ಎಂದ ವರ್ಲಿನ್ ಅಳುದನಿಯಲ್ಲಿ.

"ಸ್ವಾತಂತ್ರ್ಯ ದೊಡ್ಡದಾ, ವ್ಯಾಕ್ಯೂಮ್ ಕ್ಲೀನರ್ ದೊಡ್ಡದಾ?"

"ಜೈಲಿಗೆ ನೀವು ಬರ್ತೀರಾ?"

ಕಿಲ್ಗೋರ್ ಆ ಪ್ರಶ್ನೆ ಕೇಳಿಸದವನಂತೆ ಮೊಬೈಲಿನ ಕೋನ ಸರಿಪಡಿಸಿಕೊಂಡ.

ಮಲ್ಲಿನ್ಸ್ ಕೊನೆಯ ತುಂಡನ್ನು ಫೋರ್ಕಿಗೆ ಚುಚ್ಚಿದ್ದನ್ನು ಓಪಲ್ ನೋಡಿದಳು. ಅಡುಗೆಮನೆಯಿಂದ ಕೋಳಿ ಕತ್ತರಿಸುವ ಕತ್ತರಿ ತಂದು, "ಕ್ಷಮಿಸಪ್ಪ," ಎನ್ನುತ್ತ ವರ್ಲಿನ್‌ನ ಕೋಟನ್ನು ಬೆನ್ನಿನುದ್ದಕ್ಕೂ ಸೀಳಿಬಿಟ್ಟಳು. ಹೆಂಡತಿ ನೇಡೀನ್ ಕ್ರಿಸ್‌ಮಸ್‌ಗೆ ಕೊಟ್ಟ ಕೋಟು ಬೆನ್ನು ಬಾಯ್ಬಿಟ್ಟು ತೋಳುಗಳಿಂದ ಮುಂದಕ್ಕೆ ಜಾರಿತು. ವರ್ಲಿನ್ ಬೆಣ್ಣೆ, ಗ್ರೇವಿಗಳ ಸಮೇತ ಹಾರಿ ಹಿತ್ತಾಳೆ ಪಟ್ಟಿ ದಾಟಿದ. ಟೆನೆಸ್ಸಿಯವರೆಲ್ಲ ಚಪ್ಪಾಳೆ ತಟ್ಟಿದರು. ಕಿಲ್ಗೋರ್ ಸಪ್ಪಗಾದ.

ಮಲ್ಲಿನ್ಸ್ ಬಾಯೊರೆಸಿಕೊಂಡು ಜೇಬಿನಿಂದ ಫೋನು ತೆಗೆದು ನೋಡಿದ. ನೋಡಿ ನಗತೊಡಗಿದ.

"ಕಚೇರಿಯಿಂದ ಸಂದೇಶ ಬಂದಿದೆ. ಆ ಹೊಸ ಆದೇಶ ಜಾರಿಗೆ ಬರೋದು ಮುಂದಿನ ತಿಂಗಳು. ಇವತ್ತು ಏನೂ ಇಲ್ಲ ಮಾರಾಯ, ಹಳೇದೇ ನಡೆಯುತ್ತೆ. ಸುಮ್ನೆ ಕೂತು ತಿಂದಿದ್ರೂ ಆಗ್ತಿತ್ತು."

ಹೋಟೆಲೆಲ್ಲ ಘೊಳ್ಳೆಂದು ನಕ್ಕಿತು. ವರ್ಲಿನ್‌ಗೂ ಜೀವ ಬಂತು. ಜೀವದ ಜೊತೆಗೆ ಸ್ವಲ್ಪ ಜಂಬವೂ ಬಂತು.

"ನಾನೇನು ಕಳ್ಳನಾ? ಎಲ್ಲಾ ಕಾನೂನು ಪ್ರಕಾರ ಇಟ್ಕೊಂಡಿರೋನು!" ಎಂದು ಅವನು ಪರ್ಸಿನಿಂದ ಪರವಾನಗಿ ತೆಗೆದು ಗಲ್ಲಾದ ಮೇಲೆ ಟಪ್ಪನೆ ಬಡಿದ. "ನೋಡ್ಕೊಳ್ಳಿ ಟೀಚರ್, ಟೆನೆಸ್ಸಿ ಸರ್ಕಾರದ್ದು!"

ಇಮೋಜೀನ್ ಅಂಥದೊಂದನ್ನು ಹತ್ತಿರದಿಂದ ನೋಡಿದ್ದೇ ಇಲ್ಲ. ಕನ್ನಡಕ ಏರಿಸಿ, ಎತ್ತಿ ಹಿಡಿದು, ಮುಂದೆ ಹಿಂದೆ ತಿರುಗಿಸಿ ಓದಿದರು.

"ವರ್ಲಿನ್, ಇದರ ಅವಧಿ ನವೆಂಬರ್‌ಗೇ ಮುಗಿದಿದೆಯಲ್ಲಪ್ಪ."

ವರ್ಲಿನ್ ಪರವಾನಗಿಯನ್ನು ಕಿತ್ತುಕೊಂಡು ತಾನೇ ಓದಿದ.

"ಅಂದ್ರೆ... ಟೆನೆಸ್ಸಿಲೂ ಇದು ನಡೆಯಲ್ಲ?" ಬರ್ಲ್ ತೊದಲಿದ.

"ಟೆನೆಸ್ಸಿಯಲ್ಲಂತೂ ಖಂಡಿತ ನಡೆಯಲ್ಲ," ಎಂದ ಮಲ್ಲಿನ್ಸ್. ಅವನ ದನಿ ಒಮ್ಮೆಗೇ ಗಡುಸಾಯಿತು. "ಅಲ್ಲಿ ತೋರಿಸ್ಕೊಂಡು ಹೋಗೋಕೂ ಪರವಾನಗಿ ಬೇಕು. ಲೋ, ಅಲ್ಲಿ ನಿಂತ್ಕೊಂಡು ಏನು ನೋಡ್ತಿದೀಯ? ಅಲ್ಲಿಯ ಪೊಲೀಸರು ಕಾಫಿಗೆ ಬರೋ ಹೊತ್ತು! ಈ ಕಡೆ ಬಾ ಬೇಗ! ಈಗ ಕೋಟಿಲ್ಲ, ಪಿಸ್ತೂಲು ಎಲ್ಲರಿಗೂ ಕಾಣ್ತಿದೆ. ಇಲ್ಲಿ ಅದಕ್ಕೆ ಯಾರೂ ಏನೂ ಅನ್ನಲ್ಲ."

ವರ್ಲಿನ್ ಬಂದಷ್ಟೇ ವೇಗವಾಗಿ ಹಾರಿ ವರ್ಜೀನಿಯಾಕ್ಕೆ ಮರಳಿದ.

"ಮನೆಗೆ ಹೇಗೆ ಹೋಗ್ತೀಯ?" ಎಂದು ಇಮೋಜೀನ್ ಕೇಳಿದರು. ಅದೂ ಕುತೂಹಲಕ್ಕೇ.

ವರ್ಲಿನ್ ಪಿಸ್ತೂಲನ್ನು ಇಟ್ಟುಕೊಳ್ಳೆಂದು ಕೊಡಹೋದರೆ ಮಲ್ಲಿನ್ಸ್, "ನಾನು ತಗೊಂಡ್ರೆ ವರದಿ ಬರೀಬೇಕು. ನವೆಂಬರ್‌ನಿಂದ ಏನೇನು ನಡೀತು ಅಂತನೂ ಬರೀಬೇಕಾಗುತ್ತೆ. ಬರೀಲಾ?" ಎಂದ. ವರ್ಲಿನ್ ಕೈ ಹಿಂದಕ್ಕೆಳೆದುಕೊಂಡ. ನೇಡೀನ್‌ಗೆ ಫೋನು ಮಾಡಿ, ಪಿಸ್ತೂಲನ್ನು ಒಳಗಿಟ್ಟು ಮನೆಗೆ ಒಯ್ಯಲು ಬೀಗ ಹಾಕುವ ಪೆಟ್ಟಿಗೆ ತರಲು ಬೇಡಿಕೊಂಡ.

"ಕೂದಲಿಗೆ ಬಣ್ಣ ಹಚ್ಚಿಸ್ಕೊಳ್ತಾ ಕೂತಿದೀನಿ, ಸಂಜೆ ಬರ್ತೀನಿ," ಎಂದಳು ನೇಡೀನ್. "ಅಲ್ಲೀವರೆಗೂ ಚಳಿಗೆ ಓಡಾಡ್ಬೇಡಿ, ಕೋಟು ಬಿಚ್ಚಬೇಡಿ."

ವರ್ಲಿನ್ ಬೆನ್ನು ಸೀಳಿದ ಕೋಟನ್ನು ನೋಡಿ ಫೋನಿಟ್ಟು, ಒಲೆಯ ಪಕ್ಕ ಕೂತ. ಬೆಣ್ಣೆ ಕರಗಿ ಅಂಗಿಯಿಂದ ಪ್ಯಾಂಟಿಗೆ ಇಳಿಯತೊಡಗಿತ್ತು. ಅಷ್ಟರಲ್ಲಿ ಯಾರೋ ಬಂದು ಅವನ ಹೆಗಲ ಮೇಲೆ ಕೈ ಹಾಕಿದರು. ಕಿಲ್ಗೋರ್. ಮುಖದಲ್ಲಿ ಹೊಸ ಕಳೆ, ಕೈಯಲ್ಲಿ ಅದೇ ಮೊಬೈಲು.

"ಮತದಾರ ಬಂಧುಗಳೇ," ಎಂದು ಅವನು ಮೊಬೈಲಿಗೆ ಶುರು ಹಚ್ಚಿದ, "ಟೆನೆಸ್ಸಿಯ ದಬ್ಬಾಳಿಕೆ ತಾಳಲಾರದೆ ಓಡಿಬಂದು ನಮ್ಮ ವರ್ಜೀನಿಯಾದಲ್ಲಿ ಆಶ್ರಯ ಪಡೆದ ಈ ಬಡಪಾಯಿಯನ್ನು ಒಮ್ಮೆ ನೋಡಿ..."