ಒಂದು ನಾಡಿ, ಹದಿಮೂರು ಗಡಿಯಾರ

ಕಣ್ಣಿನ ಮಾತು ಕಣ್ಣಿನ ಡಾಕ್ಟರಿಗೆ, ಬಿಪಿಯ ಮಾತು ಬಿಪಿ ಡಾಕ್ಟರಿಗೆ. ಒಬ್ಬರದನ್ನು ಇನ್ನೊಬ್ಬರ ಕಿವಿಗೆ ಹಾಕುವುದಿಲ್ಲ! ಗಡಿಯಾರ ರಿಪೇರಿಯ ಸೆಕೆಂಡಪ್ಪನವರು ಕೈಗೊಂಡ ಘನ ನಿರ್ಧಾರ ಇದು. ಯಾರಾದರೂ "ಸುಮಾರು ಹತ್ತು ಗಂಟೆ" ಎಂದರೆ ತಡೆದು ನಿಲ್ಲಿಸಿ, "ಹತ್ತಕ್ಕೆ ನಾಲ್ಕು ಸೆಕೆಂಡ್ ಕಮ್ಮಿ" ಎಂದು ತಿದ್ದುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರದು.

"ರೀ, ಎರಡೂ ಮದ್ದನ್ನ ಇಬ್ಬರಿಗೂ ಒಂದ್ಸಲ ತೋರಿಸಬಾರ್ದಾ?" ಎಂದರು ಹೆಂಡತಿ.

"ವಾಚು ರಿಪೇರಿಗೆ ಬಂದೋರು ನಂಗೆ ಚಪ್ಪಲಿ ತೋರಿಸ್ತಾರೇನೆ?"

ಹೀಗೆ ಹತ್ತು ದಿನಗಳಿಂದ ಬಿಪಿಗೆಂದು ಬೆಳಿಗ್ಗೆ ಒಂದು ಗುಳಿಗೆ ಗಂಟಲಿಗಿಳಿಯುತ್ತಿತ್ತು. ಗ್ಲಾಕೋಮಾಕ್ಕೆ, ಅಂದರೆ ಕಣ್ಣೊಳಗೆ ಏರಿದ ಒತ್ತಡಕ್ಕೆ, ಎರಡು ಹೊತ್ತು ಹನಿ ಬೀಳುತ್ತಿತ್ತು. ಡಾಕ್ಟರ ಚೀಟಿಯಲ್ಲಿದ್ದುದು ಹೊತ್ತಿಗೆ ಒಂದೇ ಹನಿ. ಇವರದು ಧಾರಾಳ ಕೈ, ಮೂರು!

ಆ ದಿನ ಬೆಳಗಿನ ಬಿಸಿಲು ಅಂಗಡಿಯ ಗಾಜುಗಳ ಮೇಲೆ ಮೆಲ್ಲಗೆ ಹರಡುತ್ತಿದ್ದಾಗ ಸೆಕೆಂಡಪ್ಪನವರು ತಿಂಗಳಿಗೊಮ್ಮೆಯ ವಾಡಿಕೆಯಂತೆ, ಕೈಗಡಿಯಾರ ನೋಡುತ್ತ ತಮ್ಮ ನಾಡಿ ಹಿಡಿದು ಎಣಿಸಿದರು. ಎಷ್ಟೋ ವರ್ಷಗಳಿಂದ ನಿಮಿಷಕ್ಕೆ ಎಪ್ಪತ್ತೆರಡು. ಅಂದು ನಲವತ್ತಾರು!

ಬೇರೆ ಯಾರೇ ಆಗಿದ್ದರೂ ಗಾಬರಿಯಾಗುತ್ತಿದ್ದರು. ಇವರಿಗೆ ನಗು ಬಂತು. ತಮ್ಮ ನಾಡಿ ತಪ್ಪುವುದುಂಟೆ? ನಿಮಿಷವೇ ಬೇಗ ಮುಗಿದಿದೆ. ಅಂದರೆ, ಕೈಗಡಿಯಾರ ಓಡುತ್ತಿದೆ!

ಹಿಂಬದಿ ಮುಚ್ಚಳ ತೆಗೆದು, ವೇಗ ತಗ್ಗಿಸುವ ಸಣ್ಣ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಎಣಿಸಿದರು. ನಲವತ್ತಾರು. ಇನ್ನಷ್ಟು ಸರಿಸಿದರು. ನಲವತ್ತಾರು. ಗಿರಾಕಿಗಳ ಹದಿಮೂರು ಗಡಿಯಾರಗಳನ್ನು ಸಾಲಾಗಿ ವಿಚಾರಣೆಗೆ ನಿಲ್ಲಿಸಿದರೆ, ಮೊದಲೇ ಮಾತಾಡಿಕೊಂಡು ಬಂದ ಸಾಕ್ಷಿಗಳಂತೆ ಎಲ್ಲವೂ ಒಂದೇ ಸುಳ್ಳು ಹೇಳಿದವು! ಮಧ್ಯಾಹ್ನದೊಳಗೆ ಹದಿಮೂರಕ್ಕೂ ಲಗಾಮು ಬಿತ್ತು. ತಲೆ ಯಾಕೋ ಹಗುರಾಗಿತ್ತು. ಬಹಳ ಯೋಚಿಸಿದ್ದಕ್ಕೆ ಇರಬೇಕು ಎಂದುಕೊಂಡರು.

ಅಷ್ಟರಲ್ಲಿ ಎದುರು ಮನೆಯ ಟೀಚರಮ್ಮ ತಮ್ಮ ವಾಚು ಒಯ್ಯಲು ಬಂದರು. "ಆಯ್ತಾ ಅಣ್ಣ?"

"ಕೊಡಲ್ಲ ಟೀಚರಮ್ಮ. ಇದು ವಿಪರೀತ ಓಡ್ತಾ ಇದೆ."

"ನಿಂತುಹೋಗಿದೆ ಅಂತ ತಾನೆ ನಾನು ಕೊಟ್ಟಿದ್ದು?"

"ನಿಂತಿದ್ದಕ್ಕೆಲ್ಲ ಸೇರಿಸಿ ಈಗ ಓಡ್ತಾ ಇದೆ. ನೋಡಿ ಬೇಕಾದ್ರೆ!"

ತೋರಿಸಲೆಂದು ಎದ್ದರು. ಅಂಗಡಿ ಒಂದು ಸುತ್ತು ತಿರುಗಿತು. ಮರುಗಳಿಗೆಗೆ ಸೆಕೆಂಡಪ್ಪನವರು ನೆಲದ ಮೇಲೆ, ತಿರುಪುಗಳ ತಟ್ಟೆ ಅವರ ಮೇಲೆ!

ಟೀಚರಮ್ಮನ ಕೂಗಿಗೆ ಓಡಿಬಂದ ಹೆಂಡತಿ, ಕೈಗೆ ಸಿಕ್ಕಿದ ಮದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಗಂಡನನ್ನು ಬಿಪಿ ಡಾಕ್ಟರಮ್ಮನ ಮುಂದೆ ಮಲಗಿಸಿದರು. ಡಾಕ್ಟರಮ್ಮ ನಾಡಿ ಹಿಡಿದು ಗೋಡೆ ಗಡಿಯಾರ ನೋಡಿದರು.

"ಅದನ್ನ ನಂಬಬೇಡಿ ಡಾಕ್ಟರಮ್ಮ, ಅದೂ ಓಡ್ತಾ ಇರುತ್ತೆ," ಎಂದಿತು ಹಾಸಿಗೆಯಿಂದ ಒಂದು ಕ್ಷೀಣ ಸ್ವರ.

ಯಂತ್ರ ಹಚ್ಚಿದರು. ನಲವತ್ತೆರಡು. "ಬೇರೆ ಏನಾದ್ರೂ ಮದ್ದು ತಗೊಳ್ತಿದ್ದೀರಾ?"

"ಏನೂ ಇಲ್ಲ."

ಹೆಂಡತಿ ಚೀಲದಿಂದ ಕಣ್ಣಿನ ಹನಿಯ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

"ಅಯ್ಯೋ, ಅದು ಕಣ್ಣಿಂದು ಕಣೇ!"

"ಕಣ್ಣಿಗೆ ಹಾಕಿದ್ದು ಕಣ್ಣಲ್ಲೇ ಕೂತಿರುತ್ತೆ ಅಂದ್ಕೊಂಡ್ರಾ?" ಡಾಕ್ಟರಮ್ಮ ನಗಲಿಲ್ಲ. "ಮೂಗಿಗಿಳಿದು ರಕ್ತ ಸೇರುತ್ತೆ. ಈ ಹನಿ, ಆ ಗುಳಿಗೆ, ಎರಡೂ ಬೀಟಾ ಬ್ಲಾಕರ್, ಅಂದ್ರೆ ಹೃದಯದ ಬಡಿತ ನಿಧಾನ ಮಾಡೋ ಮದ್ದು. ಎರಡೂ ಸೇರಿ ನಿಮ್ಮ ಹೃದಯವನ್ನ ಹಿಡಿದೆಳೀತಾ ಇವೆ. ಹೀಗೇ ಬಿಟ್ಟಿದ್ರೆ ನಿಂತೇಹೋಗ್ಬಹುದಿತ್ತು."

ಹೆಂಡತಿಯ ಬೆರಳುಗಳು ಗಂಡನ ತೋಳನ್ನು ಬಿಗಿಯಾಗಿ ಹಿಡಿದವು.

"ಹಾಗಾದ್ರೆ ಎರಡನ್ನೂ ಬಿಸಾಕಿಬಿಡ್ತೀನಿ!" ಎಂದರು ಸೆಕೆಂಡಪ್ಪನವರು.

"ಅದು ಇನ್ನೂ ಅಪಾಯ! ಈ ಗುಳಿಗೆ ನೀವಾಗೇ ತಟ್ಟನೆ ನಿಲ್ಲಿಸೋ ಹಾಗಿಲ್ಲ. ಎಷ್ಟು ತಗೋಬೇಕು ಅಂತ ನಾನು ಹೇಳ್ತೀನಿ. ಇವತ್ತು ಇಲ್ಲೇ ಮಲಗಿರಿ." ಅವರು ಕಣ್ಣಿನ ಡಾಕ್ಟರಿಗೆ ಫೋನು ಹಚ್ಚಿ ಹನಿಯನ್ನೇ ಬದಲಾಯಿಸಿದರು. "ಹೊಸ ಹನಿ ಒಂದೇ ಒಂದು. ಹಾಕಿ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆ ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡೀರಿ. ಯಾವ ಡಾಕ್ಟರ ಹತ್ರ ಹೋದ್ರೂ ಎಲ್ಲಾ ಮದ್ದೂ ತೋರಿಸಿ."

ಸೆಕೆಂಡಪ್ಪನವರು ದಿಂಬಿನಿಂದ ತಲೆ ಎತ್ತಿದರು. "ಹಾಗಾದ್ರೆ ಡಾಕ್ಟರಮ್ಮ, ಓಡ್ತಾ ಇವೆ ಅಂತ ಅಂಗಡೀಲಿ ನಾನು ನಿಧಾನ ಮಾಡಿಟ್ಟ ಆ ಹದಿಮೂರು ಗಡಿಯಾರ?"

"ಅವೆಲ್ಲ ಸರಿಯಾಗೇ ಇದ್ವು. ಸರಿಯಿಲ್ಲದೆ ಇದ್ದಿದ್ದು ನೀವು."

ಹೆಂಡತಿ ಚೀಟಿಯನ್ನು ಡಾಕ್ಟರಮ್ಮನ ಮುಂದೆ ಸರಿಸಿದರು. "ಅದನ್ನೂ ಇದರಲ್ಲೇ ಬರೆದುಕೊಡಿ. ನಾನು ಹೇಳಿದ್ರೆ ಇವರು ನಂಬಲ್ಲ."