ಕಚ್ಚಿಲ್ಲದ ನಾಲ್ಕು ಟೋಕನ್

ಏನನ್ನಾದರೂ ಕೂಡಿಡುವವರಲ್ಲಿ ಮರ್ಯಾದಸ್ಥರು, ಉಳಿದವರು ಎಂದು ಎರಡು ಜಾತಿ. ಅಂಚೆಚೀಟಿ, ತಾಳೆಗರಿ, ರಾಜರ ಕಾಲದ ನಾಣ್ಯ ಕೂಡಿಡುವವರನ್ನು ಜನ ಕೂರಿಸಿ ಕಾಫಿ ಕೊಟ್ಟು ಮಾತಾಡಿಸುತ್ತಾರೆ. ನಾನು ಎರಡನೆಯ ಜಾತಿಯವನು. ಮುಚ್ಚಿಹೋದ ವಿಡಿಯೋ ಗೇಮ್ ಪಾರ್ಲರುಗಳ ಟೋಕನ್ ಕೂಡಿಡುತ್ತೇನೆ. ಯಂತ್ರದ ಸೀಳಿಗೆ ಹಾಕಿದರೆ ಆಟ ಶುರುವಾಗುತ್ತಿತ್ತಲ್ಲ, ಆ ಹಿತ್ತಾಳೆ ಬಿಲ್ಲೆ. ಪಾಲಾರಿವಟ್ಟಂನ ನಮ್ಮ ಬ್ಯಾಂಕ್ ಶಾಖೆಯಲ್ಲಿ ಇದನ್ನು ಹೇಳಿದರೆ ಎಲ್ಲರೂ ಕೇಳುವುದು ಒಂದೇ ಮಾತು: "ಎಂತಿನಾ ಸಾರೇ?" ಯಾಕೆ ಸಾರ್ ಎಂದರ್ಥ. ತುಮಕೂರಿನಿಂದ ಕೊಚ್ಚಿಗೆ ವರ್ಗವಾಗಿ ಒಂಬತ್ತು ವರ್ಷವಾದರೂ ಇದಕ್ಕೆ ಮಲಯಾಳದಲ್ಲಿ ಉತ್ತರ ಕೊಡಲು ನನಗೆ ಬಂದಿಲ್ಲ. ಕನ್ನಡದಲ್ಲೂ ಬರುವುದಿಲ್ಲ ಎಂಬುದು ಬೇರೆ ಮಾತು. ಇನ್ನೂ ದೊಡ್ಡ ಗುಟ್ಟೆಂದರೆ, ನಾನು ಜನ್ಮದಲ್ಲಿ ಒಂದು ವಿಡಿಯೋ ಗೇಮನ್ನೂ ಆಡಿರಲಿಲ್ಲ. ಪಾರ್ಲರಿಗೆ ಹೋದವರು ಎಸ್ಸೆಸ್ಸೆಲ್ಸಿ ಪಾಸಾಗುವುದಿಲ್ಲ ಎಂದು ಅಪ್ಪ ಹೆದರಿಸಿದ್ದರು. ನಾನು ಹೋಗದೆಯೇ ಗಣಿತದಲ್ಲಿ ಫೇಲಾದೆ.

ಕಳೆದ ವರ್ಷ ವೈಟ್ಟಿಲದ ಗುಜರಿ ಅಂಗಡಿಯೊಂದರಲ್ಲಿ ಹದಿಮೂರು ಟೋಕನ್ ಒಟ್ಟಿಗೇ ಸಿಕ್ಕವು. ಒಂದು ಬದಿಯಲ್ಲಿ ಲಂಗರಿನ ಚಿತ್ರ, ಇನ್ನೊಂದು ಬದಿ ಬೋಳು. ಹಳೆಯ ಲೋಹವನ್ನು ತೊಳೆಯಬಾರದು, ಕಿಲುಬೇ ಅದರ ಆಭರಣ ಎಂಬುದು ಸಂಗ್ರಾಹಕರ ಮೊದಲ ಪಾಠ. ನನ್ನ ಹೆಂಡತಿ ಸುಮಾಳಿಗೆ ಆ ಪಾಠ ಆಗಿರಲಿಲ್ಲ. ಶುಕ್ರವಾರದ ದೀಪಗಳ ಜೊತೆಗೆ ಹದಿಮೂರನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಸಿ ತಟ್ಟೆಯಲ್ಲಿ ಜೋಡಿಸಿಟ್ಟಿದ್ದಳು. ನಾನು ಹಣೆ ಚಚ್ಚಿಕೊಂಡೆ. "ಹಿತ್ತಾಳೆ ಅಂದ್ಮೇಲೆ ತಿಕ್ಕೋದೇ ಅಲ್ವೇನ್ರೀ" ಎಂದು ಅವಳು ಸಂಜೆಯವರೆಗೂ ನಿಜವಾಗಿ ಆಶ್ಚರ್ಯಪಟ್ಟಳು. ಆದರೆ ಆ ಹೊಳಪಿನಲ್ಲೇ ನನಗೊಂದು ಸಂಗತಿ ಕಂಡಿತು. ಒಂಬತ್ತು ಟೋಕನ್ನುಗಳ ಅಂಚಿನಲ್ಲಿ ಅರದಿಂದ ಉಜ್ಜಿದ ಸಣ್ಣ ಕಚ್ಚು ಇತ್ತು. ನಾಲ್ಕರಲ್ಲಿ ಇರಲಿಲ್ಲ.

ಸಂಶೋಧಕನಿಗೆ ಇಷ್ಟು ಸಾಕು. ನಮ್ಮ ಸಂಗ್ರಾಹಕರ ವಾಟ್ಸಾಪ್ ಗುಂಪಿನಲ್ಲಿ ಉದ್ದನೆಯ ಲೇಖನ ಹಾಕಿದೆ. ಕಚ್ಚಿಲ್ಲದವು ಮೊಟ್ಟಮೊದಲ ಅಚ್ಚಿನವು, ಅತ್ಯಂತ ಅಪರೂಪದವು. ಮುಂದೆ ಯಂತ್ರದ ಸೀಳು ಬದಲಾದಾಗ ಕಚ್ಚು ಬಂದಿರಬೇಕು ಎಂದು ಬರೆದೆ. "ಬಂದಿರಬೇಕು" ಎಂಬುದನ್ನು ಆಮೇಲೆ ತಿದ್ದಿ "ಬಂದಿತು" ಎಂದು ಮಾಡಿದೆ. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ಇಬ್ಬರು ನನ್ನನ್ನು ಸಂಶೋಧಕರೇ ಎಂದು ಕರೆದರು. ನಾಲ್ಕನ್ನೂ ಬೇರೆ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿದೆ.

ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಗುಜರಿಯವನು ಒಂದು ದಿನ, ಆ ಲಂಗರಿನ ಟೋಕನ್ನಿನ ಪಾರ್ಲರ್ ನಡೆಸುತ್ತಿದ್ದ ರೋಸಮ್ಮ ಚೇಚಿ, ಎಂದರೆ ರೋಸಮ್ಮಕ್ಕ, ಈಗ ತಿರುವನಂತಪುರದಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ವಿಳಾಸ ಕೊಟ್ಟ. ಎರಡನೇ ಶನಿವಾರ ರೈಲು ಹತ್ತಿದೆ. ದುಭಾಷಿಯಾಗಿ ಹದಿಮೂರು ವರ್ಷದ ಮಗಳು ಅನಘಾ ಬಂದಳು. ಅವಳಿಗೆ ನಾವು ಕನ್ನಡದಲ್ಲಿ ಹೇಳಿದ್ದೆಲ್ಲ ಅರ್ಥವಾಗುತ್ತದೆ. ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತದೆ. ನನ್ನನ್ನು ಕರೆಯುವುದೂ ಅಪ್ಪಾ ಎಂದಲ್ಲ, ಮಲಯಾಳದ "ಅಚ್ಛಾ" ಎಂದೇ.

ರೋಸಮ್ಮ ಚೇಚಿಗೆ ಎಪ್ಪತ್ತು ದಾಟಿತ್ತು. ಚಹಾ, ಬಿಸಿ ಪಳಂಪೊರಿ ಮುಂದಿಟ್ಟರು. ಬಾಳೆಹಣ್ಣಿನ ಆ ಬಜ್ಜಿಯ ಎಣ್ಣೆ ತಾಗದಂತೆ ಕೈ ಒರೆಸಿಕೊಂಡು ನಾನು ಹದಿಮೂರನ್ನೂ ಮೇಜಿನ ಮೇಲೆ ಹರಡಿದೆ. ಅವರು ಕನ್ನಡಕವನ್ನೂ ಹಾಕದೆ ಬೆರಳಿನಿಂದ ಅಂಚು ಸವರುತ್ತ ಬೇರೆ ಮಾಡಿದರು. ಒಂಬತ್ತು ಇತ್ತ, ನಾಲ್ಕು ಅತ್ತ. ಅತ್ತಲಿನ ನಾಲ್ಕನ್ನು ತೋರಿಸಿ, "ಕಳ್ಳನಾಣಯಂ" ಎಂದರು.

ಈ ಒಂದು ಮಾತಿಗೆ ನನಗೆ ದುಭಾಷಿ ಬೇಕಾಗಲಿಲ್ಲ.

ನಡೆದದ್ದು ಹೀಗೆ. ಏಲೂರಿನ ಕಡೆ ಲೋಹ ಕಡೆಯುವ ಲೇತ್ ಇಟ್ಟುಕೊಂಡಿದ್ದ ಒಬ್ಬನ ಮಗಳು ದಿನಾ ಸಂಜೆ ಬಂದು ಆಡುತ್ತಿದ್ದಳು. ಅವಳು ಟೋಕನ್ ಕೊಂಡದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ಚೇಚಿ ಒಂದು ಭಾನುವಾರ ಕೂತು ತಮ್ಮ ಟೋಕನ್ನುಗಳಿಗೆಲ್ಲ ಅರದಿಂದ ಕಚ್ಚು ಹಾಕಿದರು. ಮರುದಿನವೇ ಹುಡುಗಿ ಸಿಕ್ಕಿಬಿದ್ದಳು. ಟೋಕನ್ ಮಾಡಿಕೊಡುತ್ತಿದ್ದ ಅವಳ ಅಪ್ಪ ಬಂದು ತಲೆ ತಗ್ಗಿಸಿ ನಿಂತ. "ಮಗಳು ಕೇಳಿದಳು ಚೇಚಿ, ಇಲ್ಲ ಅನ್ನೋಕೆ ಆಗಲಿಲ್ಲ" ಎಂದನಂತೆ.

ಅನಘಾ ಇದನ್ನೆಲ್ಲ ನನಗೆ ಹೇಳುವಾಗ ಇಷ್ಟೊಂದು ಸಂತೋಷಪಡುವ ಅಗತ್ಯವಿರಲಿಲ್ಲ. ಹೇಳಿ ಮುಗಿಸಿ ಅವಳು ಚೇಚಿಯ ಕಡೆ ತಿರುಗಿ ಇನ್ನೇನೋ ಅಂದಳು. ಚೇಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಬ್ಯಾಂಕಿಗೆ ಸೇರುವ ಹೊಸಬರಿಗೆ ಖೋಟಾ ನೋಟು ಹಿಡಿಯುವುದನ್ನು ಕಲಿಸುವವನು ನಾನೇ ಎಂದು ಹೇಳಿದ್ದಳು.

"ಹಾಗಾದ್ರೆ ನಾಲ್ಕೂ ಖೋಟಾನೇ?" ಎಂದು ಕೇಳಿಸಿದೆ.

ಅದನ್ನು ಹೇಳಲಿಕ್ಕಾಗದು ಎಂದರು ಚೇಚಿ. ಅವನು ಕೊರೆದ ಲಂಗರು ತಮ್ಮದಕ್ಕಿಂತ ಚೆನ್ನಾಗಿದ್ದುದರಿಂದ, ಬೈದು ಮುಗಿಸಿದ ಮೇಲೆ ಮುಂದಿನ ಟೋಕನ್ನುಗಳನ್ನೆಲ್ಲ ಅವನ ಕೈಯಲ್ಲೇ ಮಾಡಿಸಿದರಂತೆ. ಅವಕ್ಕೂ ಕಚ್ಚಿಲ್ಲ. ಅದೇ ಕೈ, ಅದೇ ಲೇತ್. ಯಾವುದು ಕದ್ದು ಮಾಡಿದ್ದು, ಯಾವುದು ಹೇಳಿ ಮಾಡಿಸಿದ್ದು ಎಂದು ಕಂಡುಹಿಡಿಯುವುದು ಹೇಗೆ? ನನ್ನ ಸಂಕಟ ನೋಡಿ ಅವರು ಮಗನೇ ಎಂದು ಕರೆದು ಸಮಾಧಾನ ಹೇಳಿದರು: "ಯಂತ್ರ ಎರಡನ್ನೂ ನುಂಗಿತು ಮೋನೇ. ನಿನಗೇನು ಕಷ್ಟ?"

ಹಾಗೆಂದು ಎದ್ದು ವರಾಂಡದ ಮೂಲೆಯಲ್ಲಿ ಹಳೆಯ ಬೆಡ್‌ಶೀಟ್ ಹೊದ್ದು ನಿಂತಿದ್ದ ಪೆಟ್ಟಿಗೆಯ ಮುಸುಕು ತೆಗೆದರು. ಅವರ ಪಾರ್ಲರಿನ ಕೊನೆಯ ಯಂತ್ರ. ಸ್ವಿಚ್ ಹಾಕಿದರು, ಕೆಮ್ಮಿದಂತೆ ಸದ್ದು ಮಾಡಿ ಪರದೆ ಬೆಳಗಿತು. ನಾನು ಹತ್ತಿಯ ಮೇಲೆ ಮಲಗಿಸಿಟ್ಟಿದ್ದ ನಾಲ್ಕರಲ್ಲೊಂದನ್ನು ಮೇಜಿನಿಂದ ಎತ್ತಿ ಅನಘಾಳ ಕೈಗೆ ಕೊಟ್ಟರು. ನಾನು "ಬೇಡ" ಅನ್ನುವಷ್ಟರಲ್ಲಿ ಅದು ಒಳಗೆ ಬಿದ್ದ ಸದ್ದು ಕೇಳಿತು.

ಮೇಲಿನಿಂದ ಹುಳುಗಳು ಇಳಿಯುತ್ತವೆ, ಕೆಳಗಿನ ವಿಮಾನ ಗುಂಡು ಹಾರಿಸಬೇಕು. ಎರಡು ನಿಮಿಷದಲ್ಲಿ ಅವಳ ವಿಮಾನ ಹೋಯಿತು. ಮಗಳು ನನ್ನ ಕಡೆ ತಿರುಗಿದಳು. ಒಂಬತ್ತು ವರ್ಷದಲ್ಲಿ ನಾನು ಕೇಳಿರದ ಅಚ್ಚ ತುಮಕೂರಿನ ಕನ್ನಡದಲ್ಲಿ, "ಅಪ್ಪಾ, ಇನ್ನೊಂದೇ ಒಂದು ಕೊಡಪ್ಪ" ಎಂದಳು.

ಕೊಟ್ಟೆ. ಆಮೇಲೆ ಇನ್ನೊಂದು ಕೊಟ್ಟೆ. ಐದನೆಯದಕ್ಕೆ, "ಆ ಹಿಡಿ ಹಿಡ್ಕೊಳೋದು ಹೀಗಲ್ಲ ಅನ್ಸುತ್ತೆ, ಸ್ವಲ್ಪ ಪಕ್ಕಕ್ಕೆ ಸರಿ" ಎಂದು ನಾನೇ ನಿಂತೆ. ಅರ್ಧ ನಿಮಿಷದಲ್ಲಿ ಸತ್ತೆ. ಏಳನೆಯದರಲ್ಲಿ ಮುಕ್ಕಾಲು ನಿಮಿಷ ಬದುಕಿದ್ದೆ. ಕಚ್ಚು ಇದ್ದದ್ದೋ ಇಲ್ಲದ್ದೋ ಎಂದು ಆಮೇಲೆ ನೋಡಲಿಲ್ಲ. ಹದಿಮೂರನೆಯದನ್ನು ಹಾಕಿದವನು ನಾನೇ. ಅನಘಾ ನನ್ನ ಸರದಿ ನನ್ನ ಸರದಿ ಎಂದು ತೋಳು ಎಳೆಯುತ್ತಿದ್ದಳು.

ಚೇಚಿ ಯಂತ್ರದ ಬೀಗ ತೆಗೆದು ಟೋಕನ್ನುಗಳನ್ನು ಒಂದು ಸ್ಟೀಲ್ ಡಬ್ಬಿಗೆ ಸುರಿದುಕೊಂಡು ಮುಚ್ಚಳ ಒತ್ತಿದರು. ನಾನು ಕೈ ಚಾಚಿದ್ದೆ. ಒಳಗೆ ಬಿದ್ದದ್ದು ಅಂಗಡಿಯದು ಎಂದರು. ಕಾನೂನು ಅವರ ಕಡೆಗಿತ್ತು. ಇನ್ನೊಂದು ಪಳಂಪೊರಿ ಕೊಟ್ಟರು.

ಭಾನುವಾರ ಗುಂಪಿನಲ್ಲಿ ತಿದ್ದುಪಡಿ ಹಾಕಿದೆ. ಕಚ್ಚಿನ ವಿಷಯದಲ್ಲಿ ನಾನು ಬರೆದದ್ದು ತಪ್ಪು, ಕಚ್ಚಿಲ್ಲದವುಗಳಲ್ಲಿ ಅಸಲಿಯೂ ಖೋಟಾವೂ ಇವೆ, ಬೇರ್ಪಡಿಸಲಾಗದು ಎಂದು ಪ್ರಾಮಾಣಿಕವಾಗಿಯೇ ಒಪ್ಪಿಕೊಂಡೆ. ಒಬ್ಬರು ಬಹಳ ಗೌರವದಿಂದ, ಆ ಹದಿಮೂರೂ ಈಗ ಎಲ್ಲಿವೆ, ಒಮ್ಮೆ ಫೋಟೋ ಹಾಕಬಹುದೇ ಎಂದು ಕೇಳಿದರು. ಹೆಚ್ಚಿನ ಪರೀಕ್ಷೆಗಾಗಿ ತಿರುವನಂತಪುರದಲ್ಲಿ ಇಡಲಾಗಿದೆ ಎಂದು ಬರೆದೆ. ಸಂಶೋಧಕರೇ, ಪರೀಕ್ಷೆ ಮಾಡುತ್ತಿರುವವರು ಯಾರು ಎಂದು ಅವರು ಮತ್ತೆ ಕೇಳಿದ್ದಾರೆ. ಬರುವ ಎರಡನೇ ಶನಿವಾರಕ್ಕೆ ಎರಡು ಟಿಕೆಟ್ ತೆಗೆಸಿದ್ದೇನೆ. ಒಂದು ನಿಮಿಷವಾದರೂ ಬದುಕಿ ಬಂದು ಅವರಿಗೆ ಉತ್ತರ ಬರೆಯೋಣ ಎಂದುಕೊಂಡಿದ್ದೇನೆ.