ಮೋಟಾರಿನ ಪಕ್ಕದ ಮನೆ

ತುಂಬಿದ ಕೊಡವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬಾಡಿಗೆ ಮನೆ ನೋಡುವ ಗಂಡಸನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನನ್ನ ಹಣೆಬರಹ ನೋಡಿ, ಅವರು ನನ್ನ ಸ್ವಂತ ಭಾವ!

ಯುದ್ಧದ ಕಾಲ. ಭಾವನಿಗೆ ಜಗಳೂರಿನ ಶಾಲೆಗೆ ವರ್ಗವಾಗಿತ್ತು. ಅಕ್ಕ ತುಂಬಿದ ಬಸುರಿ. ಹಿಂದಿನ ಸಲ ಅವಳು ಹೆರಿಗೆಗೆ ನಮ್ಮೂರು ಉಬ್ರಾಣಿಗೆ ಬಂದಿದ್ದಳು. ಕೂಸಿಗೆ ಉಸಿರು ಕಟ್ಟಿದಾಗ ಗಾಡಿ ಕಟ್ಟಿಕೊಂಡು ರಸ್ತೆಗೆ ಬರುವಷ್ಟರಲ್ಲಿ ಆಸ್ಪತ್ರೆಯ ಊರಿಗೆ ಹೋಗುವ ಮೋಟಾರು ಬಸ್ಸು ಹೋಗಿಬಿಟ್ಟಿತ್ತು. ಕೂಸು ಅಕ್ಕನ ಮಡಿಲಲ್ಲೇ ಹೋಯಿತು. ಉಬ್ರಾಣಿಯಲ್ಲೇ ಮಣ್ಣು ಮಾಡಿದರು. ಆಮೇಲೆ ಅದರ ಮಾತನ್ನು ಯಾರೂ ಎತ್ತಲಿಲ್ಲ, ಭಾವನಂತೂ ಇಲ್ಲವೇ ಇಲ್ಲ. ಈ ಸಲ ಮಾತ್ರ ಹೆಂಡತಿಯನ್ನು ತವರಿಗೆ ಕಳಿಸುವುದಿಲ್ಲ ಎಂದು ಪಟ್ಟು ಹಿಡಿದರು. ಅಪ್ಪ ಸಿಟ್ಟಾಗಿ ಮಾತು ಬಿಟ್ಟರು. ಅವ್ವ ಬಾಣಂತನಕ್ಕೆಂದು ನನ್ನನ್ನು ಅಟ್ಟಿದಳು.

ಜಗಳೂರಿನಿಂದ ದಾವಣಗೆರೆಯ ಆಸ್ಪತ್ರೆಗೆ ಇದ್ದದ್ದು ಒಂದೇ ಮೋಟಾರು. ಪೆಟ್ರೋಲು ಸಿಗದೆ ಅದು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು, ಓಡಿದರೆ! ಆದ್ದರಿಂದ ಭಾವ ಯಾವ ಮನೆಯಲ್ಲೂ ಅಡುಗೆಮನೆ ನೋಡಲಿಲ್ಲ. ಹೊಸ್ತಿಲಲ್ಲಿ ಕೊಡ ಎತ್ತಿಕೊಂಡು ಮೋಟಾರು ನಿಲ್ಲುವ ಕಡೆಗೆ ಓಡುತ್ತಿದ್ದರು.

"ಹಿತ್ತಲಾಗೇ ಬಾವಿ ಐತಲ್ರೀ ಮೇಷ್ಟ್ರೆ, ನೀರು ಯಾಕೆ ಹೊತ್ಕೊಂಡು ಹೊಂಟೀರಿ?" ಎಂದು ಮನೆಯವರು ಬೆರಗಾಗುವರು.

ಭಾವ ಒದ್ದೆ ಪಂಚೆಯಲ್ಲಿ ಹಿಂದಿರುಗಿ, "ತುಳುಕ್ತು ರೀ. ಈ ಮನೆ ಆಗಾಕಿಲ್ಲ" ಎನ್ನುವರು.

ಅಕ್ಕನನ್ನು ಎತ್ತಿಕೊಂಡು ಓಡಬೇಕಾದರೆ ದಾರಿ ಹೇಗಿದೆ ಎಂಬ ಪರೀಕ್ಷೆ ಅದು. ಅಕ್ಕನನ್ನೇ ಎತ್ತಿ ನೋಡುವ ಯೋಚನೆಯೂ ಇತ್ತು, ಅವಳು ಒಪ್ಪಲಿಲ್ಲ!

ಕೊನೆಗೆ ಒಂದು ಹನಿಯೂ ತುಳುಕದ ಮನೆ ಸಿಕ್ಕಿತು, ಮೋಟಾರು ನಿಲ್ಲುವ ಜಾಗಕ್ಕೆ ಅಂಟಿಕೊಂಡೇ. ಕಿಟಕಿಯಿಲ್ಲ, ಬೆಳಕಿಲ್ಲ. ಅದರ ಸಾಹುಕಾರರಿಗೇ ನಾಚಿಕೆಯಾಯಿತು.

"ಇದು ಶೇಂಗಾ ಇಡಾಕೆ ಕಟ್ಟಿಸಿದ್ದು ಕಣ್ರೀ. ಮನುಷ್ಯರು ಹೆಂಗೆ ಇರ್ತೀರಿ?"

"ಶೇಂಗಾ ಕೆಟ್ಟಿಲ್ಲ ತಾನೇ? ನಾವೂ ಕೆಡಲ್ಲ ಬಿಡ್ರಿ."

ನಾವು ಕೆಡಲಿಲ್ಲ, ಕಪ್ಪಾದೆವು. ಒಗೆದು ಹರವಿದ ಸೀರೆ ಮೋಟಾರಿನ ಹೊಗೆಗೆ ಮಸಿಯಾಗಿ ಒಳಗೆ ಬರುತ್ತಿತ್ತು. ಅಕ್ಕ ಕೆಮ್ಮಿ ಕೆಮ್ಮಿ ಸುಸ್ತಾಗಿ ಗೋಡೆಗೆ ಒರಗುತ್ತಿದ್ದಳು. ಭಾವ ಅಕ್ಕಿ ಮೂಟೆಯ ಪಕ್ಕದಲ್ಲೇ ಒಂದು ಇದ್ದಿಲಿನ ಮೂಟೆ ತಂದಿಟ್ಟರು. ಹೊತ್ತಲ್ಲದ ಹೊತ್ತಿನಲ್ಲಿ ಮೋಟಾರು ಬೇಕಾದರೆ? ಡ್ರೈವರಿಗೆ ದಿನವೂ ನಮ್ಮಲ್ಲೇ ಉಪ್ಪಿಟ್ಟು, ಕಾಫಿ. ಆತ ಮೋಟಾರಿನಲ್ಲೇ ಮಲಗುತ್ತಿದ್ದ. ಅವನಿಗೆ ನೆಗಡಿಯಾದರೆ ಭಾವನಿಗೆ ಊಟ ಸೇರುತ್ತಿರಲಿಲ್ಲ. ಊರು ನಗುತ್ತಿತ್ತು. ನನಗೆ ನಗು ಬರುತ್ತಿರಲಿಲ್ಲ. ಆ ಕತ್ತಲೆ ಕೋಣೆಯಲ್ಲಿ ಭಯವೇ ಹೆಚ್ಚಾಗಿತ್ತು.

ಒಂದು ನಸುಕಿನಲ್ಲಿ ಅಕ್ಕನಿಗೆ ನೋವು ಶುರುವಾಯಿತು. ನಾನು ಹಿಂದಿನ ಓಣಿಯ ಸೂಲಗಿತ್ತಿಯನ್ನು ಕರೆತಂದೆ. ಭಾವ ಇದ್ದಿಲಿನ ಮೂಟೆ ಹೊತ್ತು ಓಡಿದರು. ಹೊರಗೆ ಅವರೂ ಡ್ರೈವರೂ ಮೋಟಾರಿನ ಬೆನ್ನಿಗಿದ್ದ ಇದ್ದಿಲೊಲೆಗೆ ಗಾಳಿಯೂದುವ ಚಕ್ರ ತಿರುಗಿಸಿದ್ದೇ ತಿರುಗಿಸಿದ್ದು! ಅಂತೂ ಮೋಟಾರು ಗುಡುಗಿತು. ಭಾವ ಅಕ್ಕನನ್ನು ಎತ್ತಲು ಒಳಗೆ ನುಗ್ಗಿದರು.

"ಅಲ್ಲೇ ನಿಲ್ಲಿ ರೀ," ಎಂದಳು ಸೂಲಗಿತ್ತಿ. "ಹೆಣ್ಣು ಕೂಸು. ಇಬ್ರೂ ಚೆನ್ನಾಗವ್ರೆ."

ಕೂಸು ಕಿರುಚಿತು. ಭಾವ ಮಸಿ ಮೆತ್ತಿದ ಕೈ ನೋಡಿಕೊಂಡು ಬಾಗಿಲಲ್ಲೇ ಕುಳಿತರು.

ಡ್ರೈವರು ಇಣುಕಿ ಕೇಳಿದ: "ಚೊಚ್ಚಲಾ, ಮೇಷ್ಟ್ರೆ?"

ಅಂಥ ಪ್ರಶ್ನೆಗೆ ನಮ್ಮಲ್ಲಿ ಎಲ್ಲರೂ ಹೌದೆಂದೇ ತಲೆಯಾಡಿಸುತ್ತಿದ್ದೆವು. ಭಾವ ತಲೆಯಾಡಿಸಲಿಲ್ಲ.

"ಅಲ್ಲಪ್ಪ. ಇವಳು ಎರಡನೆಯೋಳು. ದೊಡ್ಡೋಳು ಉಬ್ರಾಣ್ಯಾಗೆ ಅದಾಳೆ."

ಒಳಗೆ ಅಕ್ಕ, ಅಷ್ಟು ದಿನಕ್ಕೆ ಮೊದಲ ಸಲ, ಬಾಯಿಬಿಟ್ಟು ಅತ್ತಳು.